ಹಳೆಯ ಯುವಿ ಡ್ರೈಯರ್‌ಗೆ ಗ್ಯಾಲಿಯಂ ಲ್ಯಾಂಪ್ ಮಾಡಿಸಬೇಕು, ಸಹಾಯ ಬೇಕು

ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಘಟಕ. ಇಂಕನ್ನು ನೇರಳಾತೀತ ಬೆಳಕಿನಿಂದ ಗಟ್ಟಿ ಮಾಡುವ ಹಳೆಯ ಯುವಿ ಡ್ರೈಯರ್‌ನಲ್ಲಿರುವುದು ಮೀಡಿಯಂ ಪ್ರೆಶರ್ ಮರ್ಕ್ಯುರಿ ಲ್ಯಾಂಪ್. ಆ ಅಳತೆಯದು ಈಗ ರೆಡಿ ಸಿಗುತ್ತಿಲ್ಲ, ಮಾಡಿಸಲೇಬೇಕು.

ಹೇಗೂ ಮಾಡಿಸುವುದಾದರೆ ಬಿಳಿ ಇಂಕ್‌ಗೂ ಸರಿಹೋಗಲಿ ಅನ್ನೋದು ನನ್ನ ಆಸೆ. ಈಗ ಬಿಳಿ ಇಂಕ್ ಮೇಲೆ ಗಟ್ಟಿಯಾದರೂ ಒಳಗೆ ಹಸಿಯಾಗೇ ಇರುತ್ತದೆ. ಉಗುರಲ್ಲಿ ಕೆರೆದರೆ ಎದ್ದು ಬರುತ್ತದೆ. ಇಂಕ್‌ಗೆ ಬಿಳಿ ಬಣ್ಣ ಕೊಡುವ ಟೈಟೇನಿಯಂ ಡೈಆಕ್ಸೈಡ್ ಮರ್ಕ್ಯುರಿ ಲ್ಯಾಂಪ್‌ನ 365 ನ್ಯಾನೋಮೀಟರ್ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ ಅಲ್ವಾ? ಗ್ಯಾಲಿಯಂ ಸೇರಿಸಿದ ಲ್ಯಾಂಪ್ 403, 417 ನ್ಯಾನೋಮೀಟರ್‌ನಲ್ಲಿ ಜಾಸ್ತಿ ಬೆಳಕು ಕೊಡುತ್ತದೆ, ಅದು ಆಳಕ್ಕೆ ಇಳಿಯುತ್ತದೆ. ಬೆಲ್ಟ್ ನಿಧಾನ ಮಾಡಿ ನೋಡಿದೆ, ವಿನೈಲ್ ಶೀಟ್ ಶಾಖಕ್ಕೆ ಮುದುಡಿತು. ರಿಫ್ಲೆಕ್ಟರ್ ಒರೆಸಿದೆ, ಅಷ್ಟೇನೂ ವ್ಯತ್ಯಾಸ ಇಲ್ಲ.

ಲ್ಯಾಂಪ್ ಮಾಡುವವರಿಗೆ ಒಟ್ಟು ಉದ್ದ, ಆರ್ಕ್ ಉದ್ದ (ಬೆಳಗುವ ಭಾಗದ ಉದ್ದ), ಕ್ವಾರ್ಟ್ಜ್ ಕೊಳವೆಯ ಅಳತೆ, ತುದಿಯ ಕ್ಯಾಪ್‌ನ ಫೋಟೋ ಎಲ್ಲ ಕೊಟ್ಟಿದ್ದೇನೆ. ತಲೆಕೆಟ್ಟಿರುವುದು ಲ್ಯಾಂಪ್‌ನ ಕರೆಂಟ್ ಹಿಡಿತದಲ್ಲಿಡುವ ಚೋಕ್ ವಿಷಯದಲ್ಲಿ. ಒಬ್ಬರು ಹಳೆಯ ಚೋಕ್, ಕೆಪಾಸಿಟರ್ ಸಾಕು ಅಂತಾರೆ. ಇನ್ನೊಬ್ಬರು ಇಗ್ನೈಟರ್ (ಲ್ಯಾಂಪ್ ಹೊತ್ತಿಸಲು ಹೈ ವೋಲ್ಟೇಜ್ ಕೊಡುವ ಸಾಧನ) ಇಲ್ಲದೆ ಗ್ಯಾಲಿಯಂ ಲ್ಯಾಂಪ್ ಹೊತ್ತಿಕೊಳ್ಳೋದೇ ಇಲ್ಲ ಅಂತಾರೆ.

ಆರ್ಕ್ ಉದ್ದ, ವೋಲ್ಟೇಜ್, ಕರೆಂಟ್ ಹಳೆಯದರಷ್ಟೇ ಇಟ್ಟು ಮಾಡಿಸಿದರೆ ಹಳೆಯ ಚೋಕ್‌ನಲ್ಲೇ ಉರಿಯುತ್ತದಾ, ಇಲ್ಲ ಇಗ್ನೈಟರ್ ಹಾಕಲೇಬೇಕಾ? ಹೀಗೆ ಬದಲಾಯಿಸಿದವರು ದಯವಿಟ್ಟು ತಿಳಿಸಿ.