ಪೆಲೆಟ್ ಸ್ಮೋಕರ್‌ನಲ್ಲಿ ಮೊದಲು ಏನು ಮಾಡಲಿ? ಬಳಸಿದವರು ಹೇಳಿ

ಹಿತ್ತಲಿಗೆಂದು ಪೆಲೆಟ್ ಸ್ಮೋಕರ್ (ಮರದ ಹೊಟ್ಟಿನ ಗುಳಿಗೆ ಉರಿಸಿ, ಅದರ ಹೊಗೆಯಲ್ಲಿ ಬೇಯಿಸುವ ಕರೆಂಟಿನ ಯಂತ್ರ) ತಂದಿದ್ದೇವೆ. ನಾವಿರುವುದು ಟೆಕ್ಸಸ್‌ನ ಆಸ್ಟಿನ್ ಹತ್ತಿರ. ಅಕ್ಕಪಕ್ಕದವರನ್ನು ಕೇಳಿದರೆ ಎಲ್ಲರ ಬಾಯಲ್ಲೂ ಬ್ರಿಸ್ಕೆಟ್ (ದನದ ಎದೆಯ ಮಾಂಸ) ಒಂದೇ. ಅದಕ್ಕೆ ಹನ್ನೆರಡು ಗಂಟೆ ಬೇಕೆಂದು ಕೇಳಿಯೇ ಉತ್ಸಾಹ ಇಳಿದುಹೋಯಿತು. ಮನೆಯಲ್ಲಿ ನಾನು ಮತ್ತು ಮಕ್ಕಳು ಕೋಳಿ, ಮೀನು ತಿನ್ನುತ್ತೇವೆ. ಹೆಂಡತಿ ಸಸ್ಯಾಹಾರಿ, ಈಗ ಊರಿನಿಂದ ಬಂದಿರುವ ಅತ್ತೆ ಮಾವನೂ ಹಾಗೆಯೇ. ಎರಡು ಮೂರು ಗಂಟೆಯಲ್ಲಿ ಮುಗಿಯುವ, ಸುಲಭಕ್ಕೆ ಕೆಡದ ಅಡುಗೆಗಳನ್ನು ಹೇಳಿ. ಯಾವ ಮರದ ಪೆಲೆಟ್ ತರಬೇಕು ಎಂಬುದೂ ತಿಳಿಯುತ್ತಿಲ್ಲ.

ಹ್ಯೂಸ್ಟನ್‌ನಿಂದ

ಬ್ರಿಸ್ಕೆಟ್ ಮುಂದಿನ ವರ್ಷಕ್ಕಿರಲಿ. ಕೋಳಿಯ ತೊಡೆಯಿಂದ ಶುರು ಮಾಡಿ. ಎದೆಯ ಭಾಗ ಬೇಡ, ಸ್ವಲ್ಪ ಹೆಚ್ಚು ಬೆಂದರೂ ಒಣಗಿ ನಾರಾಗುತ್ತದೆ. ತೊಡೆಯಲ್ಲಿ ಕೊಬ್ಬಿದೆ, ನಿಮ್ಮ ಗಮನ ಅತ್ತಿತ್ತ ಹೋದರೂ ಅದು ಸಹಿಸಿಕೊಳ್ಳುತ್ತದೆ.

ಮೂಳೆ ಮತ್ತು ಚರ್ಮ ಎರಡೂ ಇರುವ ತುಂಡುಗಳನ್ನು ತನ್ನಿ. ಹಿಂದಿನ ರಾತ್ರಿ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ಬ್ಯಾಡಗಿ ಮೆಣಸಿನ ಪುಡಿ ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಮರುದಿನ ಫ್ರಿಜ್‌ನಿಂದ ತೆಗೆದದ್ದೇ ಸ್ಮೋಕರ್‌ಗೆ ಹಾಕಿ. ಹೊಗೆ ತಣ್ಣನೆಯ ಮೇಲ್ಮೈಗೇ ಚೆನ್ನಾಗಿ ಹಿಡಿಯುತ್ತದೆ. 225 ಡಿಗ್ರಿಯಲ್ಲಿ (ಇಲ್ಲಿ ಎಲ್ಲವೂ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಇದು 107) ಮುಕ್ಕಾಲು ಗಂಟೆ ಬಿಡಿ. ಆಮೇಲೆ 400ಕ್ಕೆ ಏರಿಸಿ ಇನ್ನರ್ಧ ಗಂಟೆ. ಈ ಎರಡನೆಯ ಹಂತವನ್ನು ಬಿಡಬೇಡಿ. ಕೊನೆಯವರೆಗೂ 225ರಲ್ಲೇ ಇಟ್ಟರೆ ಮಾಂಸ ಬೇಯುತ್ತದೆ, ಚರ್ಮ ಮಾತ್ರ ಹಲ್ಲಿಗೆ ಬಗ್ಗುವುದಿಲ್ಲ. ಒಳಗಿನ ಉಷ್ಣತೆ 165 ತಲುಪಿದರೆ ಕೋಳಿ ಸುರಕ್ಷಿತ ಎಂಬುದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ತೊಡೆಯ ಮಾಂಸ ನಿಜವಾಗಿ ಮೆತ್ತಗಾಗುವುದು 175 ದಾಟಿದ ಮೇಲೆ. ಅಳೆಯುವ ಕಡ್ಡಿ ಮೂಳೆಗೆ ತಾಗದಿರಲಿ, ತಾಗಿದರೆ ಅದು ಹೇಳುವ ಅಂಕಿ ನಂಬುವಂತಿಲ್ಲ.

ಮೊಸರಿನ ಮಸಾಲೆಯನ್ನು ದಪ್ಪಗೆ ಮೆತ್ತುವವರಿದ್ದಾರೆ. ಹಾಗೆ ಮಾಡುವುದಾದರೆ ಒಲೆಯೇ ಸಾಕು, ಹೊಗೆ ಯಾಕೆ?

ನ್ಯೂಜೆರ್ಸಿಯಿಂದ

ನಮ್ಮದು ಪೂರ್ತಿ ಸಸ್ಯಾಹಾರಿ ಮನೆ. ಸ್ಮೋಕರ್ ತಂದಾಗ ನಕ್ಕವರೇ ಈಗ ಬದನೆಕಾಯಿ ಗೊಜ್ಜು ಕೇಳಿಕೊಂಡು ಬರುತ್ತಾರೆ.

ಮೊದಲಿಗೆ ಅತ್ತೆ ಮಾವನ ವಿಷಯ. ಹೊಸ ಯಂತ್ರವನ್ನು ಖಾಲಿಯಾಗಿಯೇ ಜೋರು ಉರಿಯಲ್ಲಿ ಓಡಿಸಿ, ಕಾರ್ಖಾನೆಯ ಎಣ್ಣೆಯ ವಾಸನೆಯನ್ನು ಸುಟ್ಟು ಕಳೆಯಬೇಕು. ಅದು ಮುಗಿದ ತಕ್ಷಣದ ಮೊದಲ ಸರದಿ ಸಸ್ಯಾಹಾರಕ್ಕೇ ಇರಲಿ. ಮುಂದೆಯೂ ತರಕಾರಿ ಮೊದಲು, ಮಾಂಸ ಆಮೇಲೆ. ಮಾಂಸದ ಕೊಬ್ಬು ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತದೆ, ಮುಂದಿನ ಸಲ ಕಾದಾಗ ಅದೇ ಹೊಗೆಯಾಗುತ್ತದೆ. ಆದ್ದರಿಂದ ತಟ್ಟೆಯ ಮೇಲಿನ ಅಲ್ಯೂಮಿನಿಯಂ ಹಾಳೆಯನ್ನು ಬದಲಿಸಿ, ತರಕಾರಿಗೆ ಬೇರೆಯೇ ಜಾಲರಿ ಇಡಿ. ಮಡಿವಂತರಿಗೆ ಇದೂ ಒಪ್ಪಿಗೆಯಾಗದಿರಬಹುದು. ಮೊದಲೇ ಕೇಳಿ, ಬಡಿಸಿದ ಮೇಲೆ ಬೇಡ.

ಬದನೆಗೆ ಇಲ್ಲಿನ ದೊಡ್ಡ ಗುಂಡು ಬದನೆಯೇ ಸರಿ. ಫೋರ್ಕ್‌ನಿಂದ ಹತ್ತಾರು ಕಡೆ ಚುಚ್ಚಿ, ಇಲ್ಲದಿದ್ದರೆ ಒಳಗಿನ ಹಬೆಗೆ ಒಡೆಯುತ್ತದೆ. ಎಣ್ಣೆ ಸವರಿ, ತಟ್ಟೆಯಲ್ಲಿಟ್ಟು 225ರಲ್ಲಿ ಮುಕ್ಕಾಲು ಗಂಟೆ. ಆ ಹೊತ್ತಿಗೆ ಹೊಗೆ ಹಿಡಿದಿರುತ್ತದೆ, ಬೆಂದಿರುವುದಿಲ್ಲ. 400ಕ್ಕೆ ಏರಿಸಿ, ಕಾಯಿ ತಾನಾಗಿ ಕುಸಿದು ಸಿಪ್ಪೆ ಸುಕ್ಕುಗಟ್ಟುವವರೆಗೆ ಬಿಡಿ. ತಟ್ಟೆಯಲ್ಲಿ ಕಂದು ಬಣ್ಣದ ರಸ ಇಳಿದಿರುತ್ತದೆ. ಅದನ್ನು ಚೆಲ್ಲಬೇಡಿ, ಹೊಗೆಯ ಪರಿಮಳ ಅದರಲ್ಲೇ ಹೆಚ್ಚು. ಸಿಪ್ಪೆ ಬಿಡಿಸಿ, ಕೈಯಲ್ಲೇ ಕಿವುಚಿ, ಆ ರಸ, ಹುಣಸೆಹುಳಿ, ಚೂರು ಬೆಲ್ಲ, ಜಜ್ಜಿದ ಹಸಿಮೆಣಸು, ಉಪ್ಪು ಸೇರಿಸಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಕೆಂಡದಲ್ಲಿ ಸುಟ್ಟ ಬದನೆಯ ಕರಕಲು ವಾಸನೆ ಇದರಲ್ಲಿ ಇರುವುದಿಲ್ಲ. ಇದರ ಘಮ ಇನ್ನೂ ಮೃದು, ಮರದ ಕಡೆಗೆ ವಾಲಿದ್ದು. ಅದೇ ಇದೇ ಎಂದು ಹೋಲಿಸುತ್ತಾ ಕುಳಿತರೆ ನಿರಾಸೆಯಾಗುತ್ತದೆ.

ಟೊಮೆಟೊ ಇನ್ನೂ ಸುಲಭ. ಎರಡಾಗಿ ಹೆಚ್ಚಿ, ಹೆಚ್ಚಿದ ಮುಖ ಮೇಲೆ ಬರುವಂತೆ ಜೋಡಿಸಿ 225ರಲ್ಲಿ ಒಂದು ಗಂಟೆ. ಸಿಪ್ಪೆ ಬೆರಳಿಗೇ ಕಿತ್ತು ಬರುತ್ತದೆ. ಇದನ್ನು ಕಿವುಚಿ ಸಾರು ಮಾಡಿ. ಸಾರಿನ ಪುಡಿ ಅರ್ಧಕ್ಕೆ ಇಳಿಸಿ, ಒಂದು ಕುದಿ ಬಂದೊಡನೆ ಇಳಿಸಿಬಿಡಿ. ಪನೀರ್ ಆದರೆ ದಪ್ಪ ಹಲಗೆಗಳಾಗಿ ಹೆಚ್ಚಿ, ಎಣ್ಣೆ ಸವರಿ, ಅದೇ ಉರಿಯಲ್ಲಿ 40 ನಿಮಿಷ. ಅಂಚು ಗಟ್ಟಿಯಾಗುತ್ತದೆ, ಪಾಲಕ್ ಗ್ರೇವಿಗೆ ಬಿದ್ದ ಮೇಲೆ ಸರಿಹೋಗುತ್ತದೆ. ಗೋಡಂಬಿಗೆ ತುಪ್ಪ, ಉಪ್ಪು, ಮೆಣಸಿನ ಪುಡಿ ಬೆರೆಸಿ ಪಕ್ಕದಲ್ಲೇ ಇಟ್ಟುಬಿಡಿ, ನಡುನಡುವೆ ಕೈಯಾಡಿಸಿದರೆ ಆಯಿತು.

ಮಕ್ಕಳಿಗೆ ಕ್ರೀಮ್ ಚೀಸ್. ಇಡೀ ಗಟ್ಟಿಯ ಮೇಲೆ ಚಾಕುವಿನಿಂದ ಅಡ್ಡಡ್ಡ ಗೀರಿ, ಉಪ್ಪು ಖಾರ ಉದುರಿಸಿ, 225ರಲ್ಲಿ ಎರಡು ಗಂಟೆ. ಬಿಸ್ಕತ್ತಿನ ಮೇಲೆ ಸವರಿಕೊಂಡು ತಿನ್ನುವುದು. ಹೊಗೆ ಹಿಡಿಸಿದ ಮ್ಯಾಕರೋನಿ ಚೀಸ್ ಮಾಡುವುದಾದರೆ ಪಾರ್ಮೆಜಾನ್ ಹಾಕಬೇಡಿ. ಇಟಲಿಯ ಅಸಲಿ ಪಾರ್ಮೆಜಾನನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಬೇರೆ ಚೀಸ್‌ಗಳ ಲೇಬಲ್‌ ಕೂಡ ಓದಿ.

ಪೋರ್ಟ್‌ಲೆಂಡ್‌ನಿಂದ

ಈ ಯಂತ್ರ ಹುಟ್ಟಿದ್ದೇ ನಮ್ಮ ಆರೆಗಾನ್‌ನಲ್ಲಿ. ಮೌಂಟ್ ಏಂಜಲ್ ಎಂಬ ಊರಿನ ಜೋ ಟ್ರೇಗರ್ 1980ರ ದಶಕದಲ್ಲಿ ಇದನ್ನು ರೂಪಿಸಿ, 1986ರಲ್ಲಿ ಪೇಟೆಂಟ್ ಪಡೆದರು. ಈ ಕಡೆಯ ರೂಢಿಯ ಅಡುಗೆ ಸಾಲ್ಮನ್, ಅದಕ್ಕೆ ರೂಢಿಯ ಮರ ಆಲ್ಡರ್.

ಮಕ್ಕಳು ಮೀನು ತಿನ್ನುತ್ತಾರೆ ಎಂದಿರಲ್ಲ, ಇದನ್ನು ಮಾಡಿ. ಉಪ್ಪು ಒಂದು ಪಾಲು, ಕಂದು ಸಕ್ಕರೆ ಎರಡು ಪಾಲು ಬೆರೆಸಿ ಮೀನಿನ ಮೇಲೆ ಹೊದಿಸಿ, ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ತೊಳೆದು, ಒರೆಸಿ, ಮತ್ತೆ ಎರಡು ಮೂರು ಗಂಟೆ ತೆರೆದೇ ಫ್ರಿಜ್‌ನಲ್ಲಿ ಆರಲು ಬಿಡಿ. ಮೇಲ್ಮೈ ಬೆರಳಿಗೆ ತುಸು ಅಂಟಿ, ಹೊಳೆಯತೊಡಗುತ್ತದೆ. ಹೊಗೆ ನಿಲ್ಲುವುದು ಆ ತೆಳುಪೊರೆಯ ಮೇಲೆ. ಅವಸರಪಟ್ಟು ಒದ್ದೆ ಮೀನು ಇಟ್ಟರೆ ಬಣ್ಣವೂ ಬರುವುದಿಲ್ಲ. 180ರಲ್ಲಿ ಶುರು ಮಾಡಿ, ಒಂದು ಗಂಟೆಯ ನಂತರ 225ಕ್ಕೆ ಏರಿಸಿ, ಒಳಗೆ 145 ಆದಾಗ ತೆಗೆಯಿರಿ. ಬಿಳಿ ಗಸಿ ಮೇಲೆ ಉಕ್ಕಿದರೆ ಗಾಬರಿ ಬೇಡ, ಅದು ಮೀನಿನದೇ ಪ್ರೋಟೀನ್. ಉರಿ ಹೆಚ್ಚಾಯಿತು ಎಂಬ ಸೂಚನೆ, ಅಷ್ಟೇ.

ನಾರ್ತ್ ಕ್ಯಾರೊಲೈನಾದಿಂದ

ಮೇಲಿನವರ ಮಾತಿಗೆ ನನ್ನದೊಂದು ತಕರಾರು. ಬೇಗ ಮುಗಿಯುವುದೇ ಸುಲಭ ಎಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಕೆಡಿಸಲು ಪ್ರಯತ್ನಿಸಿದರೂ ಕೆಡದಿರುವುದು ಹಂದಿಯ ಭುಜದ ಮಾಂಸ. ನಿಮ್ಮ ಮನೆಯಲ್ಲಿ ನಡೆಯದಿದ್ದರೆ ಬಿಡಿ, ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ.

ಎಂಟು ಪೌಂಡ್ ತುಂಡನ್ನು ರಾತ್ರಿಯೇ 225ರಲ್ಲಿಟ್ಟು ಮಲಗಿ. ಬೆಳಗ್ಗೆ ನೋಡಿದರೆ ಒಳಗಿನ ಉಷ್ಣತೆ 160ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತುಬಿಟ್ಟಿರುತ್ತದೆ. ಯಂತ್ರ ಕೆಟ್ಟಿಲ್ಲ. ಮಾಂಸದಿಂದ ಹೊರಬರುವ ನೀರು ಆವಿಯಾಗುತ್ತಾ ಅದನ್ನು ತಂಪು ಮಾಡುತ್ತಿರುತ್ತದೆ. ಮಾಂಸ ಸುತ್ತುವ ಕಾಗದದಲ್ಲಿ ಸುತ್ತಿದರೆ ಮತ್ತೆ ಏರತೊಡಗುತ್ತದೆ. 203ರ ಹೊತ್ತಿಗೆ ಮೂಳೆ ಎಳೆದರೆ ಸಲೀಸಾಗಿ ಬರುತ್ತದೆ. ಒಂದು ಗಂಟೆ ಸುಮ್ಮನೆ ಬಿಟ್ಟು ಎಳೆಎಳೆಯಾಗಿ ಬಿಡಿಸಿ.

ನಾನು ಕೊಡಗಿನವನು. ನಮ್ಮಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮಾಂಸ ತೂಗುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದರು. ಇದು ಅದಲ್ಲ, ಅಷ್ಟು ಒಣಗುವುದೂ ಇಲ್ಲ. ಆದರೆ ಭುಜದ ಮಾಂಸವನ್ನು ಮೂರು ಗಂಟೆ ಹಿಕರಿ ಮರದ ಹೊಗೆಯಲ್ಲಿಟ್ಟು, ತೆಗೆದು ತುಂಡು ಮಾಡಿ, ಹುರಿದ ಮಸಾಲೆಯಲ್ಲಿ ಬೇಯಿಸಿ, ಕೊನೆಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಿಟ್ಟರೆ ಆಗುವ ಪಂದಿಕರಿಯ ಮುಂದೆ ಇಲ್ಲಿನ ಯಾವ ಬಾರ್ಬೆಕ್ಯೂ ಸಾಸೂ ಬೇಕೆನಿಸುವುದಿಲ್ಲ.

ಅಟ್ಲಾಂಟಾದಿಂದ

ಪೆಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ಸೇಬು ಅಥವಾ ಚೆರಿ ಮರದ ಒಂದು ಚೀಲ ತನ್ನಿ, ಮೇಲೆ ಹೇಳಿರುವ ಎಲ್ಲದಕ್ಕೂ ನಡೆಯುತ್ತದೆ. ಹಿಕರಿ ಅದಕ್ಕಿಂತ ಗಾಢ. ನಿಮ್ಮ ಟೆಕ್ಸಸ್‌ನವರು ಮೆಸ್ಕೀಟ್ ತನ್ನಿ ಎನ್ನುತ್ತಾರೆ. ಪನೀರ್‌ಗೆ, ಮೀನಿಗೆ ಅದು ಕಹಿಯಾಗುವಷ್ಟು ಜೋರು. ಚೀಲದ ಮೇಲೆ ಚೆರಿ ಎಂದಿದ್ದರೂ ಕೆಲವು ಕಂಪನಿಗಳು ಓಕ್ ಅಥವಾ ಆಲ್ಡರ್ ಬೆರೆಸಿರುತ್ತವೆ, ಸಣ್ಣಕ್ಷರ ನೋಡಿ.

ಪೆಲೆಟ್ ಎಂದರೆ ಒತ್ತಿ ಗಟ್ಟಿ ಮಾಡಿದ ಮರದ ಹೊಟ್ಟು. ತೇವ ತಗುಲಿದರೆ ಉಬ್ಬಿ ಮತ್ತೆ ಹೊಟ್ಟೇ ಆಗುತ್ತದೆ. ಅದನ್ನು ಬೆಂಕಿಯ ಬಟ್ಟಲಿಗೆ ತಳ್ಳುವ ತಿರುಪು ಸಿಕ್ಕಿಕೊಂಡರೆ ಬಿಡಿಸುವುದು ದೊಡ್ಡ ಕೆಲಸ. ಮಳೆಗಾಲದಲ್ಲಿ ಯಂತ್ರದ ಪೆಲೆಟ್ ಡಬ್ಬದಲ್ಲೇ ಬಿಡದೆ, ಬಿಗಿ ಮುಚ್ಚಳದ ಬಕೆಟ್‌ಗೆ ಸುರಿದಿಡಿ.

ಕಟ್ಟಿಗೆಯ ಒಲೆಯಷ್ಟು ಹೊಗೆ ಈ ಯಂತ್ರದಿಂದ ಬರುವುದಿಲ್ಲ, ಉರಿ ಏರಿಸಿದಷ್ಟೂ ಇನ್ನೂ ಕಡಿಮೆ. ಎಲ್ಲರೂ ಮೊದಲು ಕಡಿಮೆ ಉರಿ ಎಂದಿದ್ದು ಅದಕ್ಕೇ. ಸಾಲದೆನಿಸಿದರೆ ತೂತುಗಳಿರುವ ಉಕ್ಕಿನ ಹೊಗೆ ಕೊಳವೆ ಸಿಗುತ್ತದೆ. ಪೆಲೆಟ್ ತುಂಬಿ ಒಂದು ತುದಿಗೆ ಬೆಂಕಿ ಹಚ್ಚಿ, ಜ್ವಾಲೆ ಆರಿಸಿ ಒಳಗಿಟ್ಟರೆ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಚಳಿಗಾಲದಲ್ಲಿ ಯಂತ್ರವನ್ನೇ ಹಚ್ಚದೆ, ಈ ಕೊಳವೆಯೊಂದರಿಂದಲೇ ಚೆಡ್ಡರ್‌ಗೆ ಹೊಗೆ ಹಿಡಿಸಬಹುದು. ಒಳಗೆ 90 ಡಿಗ್ರಿ ಮೀರಬಾರದು. ಹಾಗೆ ಮಾಡಿದ ಚೀಸನ್ನು ಅಂದೇ ತಿಂದರೆ ಬೂದಿಯ ರುಚಿ. ಸುತ್ತಿ ಫ್ರಿಜ್‌ನಲ್ಲಿಟ್ಟು ಎರಡು ವಾರ ಮರೆತುಬಿಡಿ.

ಮಿನಿಯಾಪೊಲಿಸ್‌ನಿಂದ

ಅಡುಗೆಯ ಮಾತೆಲ್ಲ ಆಯಿತು. ಮಳೆ ಬಂದರೂ, ಹಿಮ ಬಂದರೂ ಗರಾಜಿನೊಳಗೆ ಹಚ್ಚಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಇನ್ನೊಂದು, ಅಡುಗೆ ಮುಗಿದೊಡನೆ ಪ್ಲಗ್ ಕೀಳಬೇಡಿ. ಆರಿಸುವ ಗುಂಡಿ ಒತ್ತಿದ ಮೇಲೂ ಫ್ಯಾನ್ ಕೆಲವು ನಿಮಿಷ ಓಡಿ, ಬಟ್ಟಲಿನಲ್ಲಿ ಉಳಿದ ಪೆಲೆಟ್‌ಗಳನ್ನು ಸುಟ್ಟು ಮುಗಿಸುತ್ತದೆ. ನಡುವೆ ಕರೆಂಟ್ ತೆಗೆದರೆ ಕೆಂಡ ತಿರುಪಿನ ದಾರಿಯಲ್ಲಿ ಹಿಂದಕ್ಕೆ ಹರಡಬಹುದು. ಪೂರ್ತಿ ತಣ್ಣಗಾದ ಮೇಲೆ ಬಟ್ಟಲಿನ ಬೂದಿ ಎಳೆದು ತೆಗೆಯಿರಿ. ಬೂದಿ ತುಂಬಿದ್ದರೆ ಮುಂದಿನ ಸಲ ಸರಿಯಾಗಿ ಹೊತ್ತಿಕೊಳ್ಳದೆ ದಟ್ಟ ಬಿಳಿ ಹೊಗೆ ಕಾರುತ್ತದೆ. ಅಂಥ ಹೊಗೆ ಕಂಡರೆ ಅಡುಗೆಯನ್ನು ಒಳಗಿಡಬೇಡಿ, ಅದು ತಿಳಿಯಾಗುವವರೆಗೆ ಕಾಯಿರಿ.