ಬಾಡಿಗೆ ಒಂದೇ ಸಲ ಡಬಲ್: ಅಪ್ಪನ ಹೋಟೆಲ್ ಮುಚ್ಚಬೇಕಾ, ಬೇರೆ ಜಾಗ ನೋಡಬೇಕಾ?

ರಾಜಾಜಿನಗರದ ಮಗಳು

ಎಲ್ಲರಿಗೂ ನಮಸ್ಕಾರ. ಹೋಟೆಲ್ ನಡೆಸಿದ ಅನುಭವ ಇರುವವರು ದಯವಿಟ್ಟು ಉತ್ತರಿಸಿ.

ನಮ್ಮಪ್ಪ 19 ವರ್ಷದಿಂದ ರಾಜಾಜಿನಗರದಲ್ಲಿ ಒಂದು ಚಿಕ್ಕ ದರ್ಶಿನಿ ನಡೆಸುತ್ತಿದ್ದಾರೆ. 420 ಚದರ ಅಡಿ ಜಾಗ, ಬಾಡಿಗೆ 55 ಸಾವಿರ, ಅಡ್ವಾನ್ಸ್ 5 ಲಕ್ಷ. ಹಳೇ ಓನರ್ ಹೋದ ವರ್ಷ ತೀರಿಕೊಂಡರು. ಅವರ ಮಕ್ಕಳು ಮೊನ್ನೆ ಬಂದು, ಮುಂದಿನ ತಿಂಗಳಿಂದ 1 ಲಕ್ಷ 10 ಸಾವಿರ ಕೊಡಿ, ಆಗಲ್ಲ ಅಂದ್ರೆ ಖಾಲಿ ಮಾಡಿ ಅಂದರು. ಮೊಬೈಲ್ ಅಂಗಡಿಯವರೊಬ್ಬರು ಅಷ್ಟು ಕೊಡೋಕೆ ತಯಾರಿದ್ದಾರಂತೆ. ನಮ್ಮದು 11 ತಿಂಗಳ ಅಗ್ರಿಮೆಂಟ್, ಅದೂ ಮುಗಿದು ಎರಡು ವರ್ಷ ಆಯ್ತು. ಅಪ್ಪ ಮತ್ತು ಹಳೇ ಓನರ್ ಮಧ್ಯೆ ಎಲ್ಲಾ ಬಾಯಿ ಮಾತಲ್ಲೇ ನಡೆಯುತ್ತಿತ್ತು.

ದಿನದ ವ್ಯಾಪಾರ ಹೆಚ್ಚೂಕಮ್ಮಿ 14 ಸಾವಿರ. ನಿನ್ನೆ ರಾತ್ರಿ ಅಪ್ಪ ಹಂಚಿಪೊರಕೆಯಲ್ಲಿ ದೋಸೆ ಕಲ್ಲಿಗೆ ನೀರು ಹಾಕಿ ಉಜ್ಜುತ್ತಿದ್ದರು. ಉಜ್ಜಿದ್ದೇ ಉಜ್ಜಿದ್ದು, ಕಲ್ಲು ಆರಿ ತಣ್ಣಗಾದರೂ ನಿಲ್ಲಿಸಲಿಲ್ಲ. ನನಗೆ ನೋಡೋಕೆ ಆಗಲಿಲ್ಲ. ಅಪ್ಪನಿಗೆ 61. ಕೆಲಸದ ಐದು ಜನರಲ್ಲಿ ಮೂವರು ನಮ್ಮ ಕುಂದಾಪುರದ ಕಡೆಯವರೇ, ಮಹಡಿ ಮೇಲಿನ ರೂಮಲ್ಲೇ ಇರೋದು. ಜಾಗ ಬಿಟ್ಟರೆ ಅವರ ಮನೆಯೂ ಹೋದ ಹಾಗೆ. ಏನು ಮಾಡೋದು?

ಸ್ಟೀಲ್ ಲೋಟ

ಅಕ್ಕಾ, ನಾನೂ ವಿಜಯನಗರದಲ್ಲಿ ದರ್ಶಿನಿ ನಡೆಸುತ್ತೇನೆ, ಅದಕ್ಕೇ ನೇರವಾಗಿ ಹೇಳ್ತೀನಿ. ಆ ಬಾಡಿಗೆಗೆ ಒಪ್ಪಬೇಡಿ.

ಲೆಕ್ಕ ನೋಡಿ. ತಿಂಗಳಿಗೆ 4 ಲಕ್ಷ 20 ಸಾವಿರ ವ್ಯಾಪಾರ. ಈಗ ಬಾಡಿಗೆಗೆ ಹೋಗೋದು ನೂರಕ್ಕೆ 13. ಆಮೇಲೆ ನೂರಕ್ಕೆ 26. ನಮ್ಮ ಕಸುಬಲ್ಲಿ 15 ದಾಟಿದರೇ ಉಸಿರು ಕಟ್ಟುತ್ತೆ. ಒಂದು ಕಾಫಿಯಲ್ಲಿ ಹಾಲು, ಪುಡಿ, ಸಕ್ಕರೆ, ಗ್ಯಾಸು ಕಳೆದು 5 ರೂಪಾಯಿ ಉಳಿಯುತ್ತೆ ಅಂತಲೇ ಇಟ್ಟುಕೊಳ್ಳಿ. ಜಾಸ್ತಿಯಾದ 55 ಸಾವಿರ ಹುಟ್ಟಬೇಕಾದರೆ ತಿಂಗಳಿಗೆ 11 ಸಾವಿರ ಕಾಫಿ, ಅಂದ್ರೆ ದಿನಕ್ಕೆ 370 ಕಾಫಿ ಈಗಿನದಕ್ಕಿಂತ ಹೆಚ್ಚಿಗೆ ಮಾರಬೇಕು, ಅದೂ ಅದೇ ಕೌಂಟರಲ್ಲಿ, ಅದೇ ಬೆಳಗಿನ ಮೂರು ಗಂಟೆ ರಶ್ಶಲ್ಲಿ. ಆಗದ ಮಾತು. ರೇಟ್ ಏರಿಸಿದರೆ ಬೈ ಟು ಕುಡಿಯೋ ಹಿರಿಯರು ಮೊದಲು ಬರೋದು ನಿಲ್ಲಿಸ್ತಾರೆ. ಮೊಬೈಲ್ ಅಂಗಡಿಯವನ ಲೆಕ್ಕ ಬೇರೆ, ಅವನಿಗೆ ಒಂದು ಫೋನಲ್ಲಿ ಸಿಗೋದು ನಮಗೆ ನೂರಾರು ಇಡ್ಲಿ ಮಾರಿದರೆ ಸಿಗೋದು. ಅವನ ಜೊತೆ ಪೈಪೋಟಿಗೆ ಹೋಗಬೇಡಿ.

ಜಿಎಸ್‌ಟಿ ಬಗ್ಗೆಯೂ ಆಡಿಟರನ್ನ ಕೇಳಿ. ಓನರ್ ಜಿಎಸ್‌ಟಿಯಲ್ಲಿ ಇಲ್ಲದೆ ನೀವು ರೆಗ್ಯುಲರ್ ನೋಂದಣಿಯಲ್ಲಿದ್ದರೆ, 2024ರ ಅಕ್ಟೋಬರ್ 10ರಿಂದ ಅಂಗಡಿ ಬಾಡಿಗೆ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನೀವೇ ಕಟ್ಟಬೇಕು. ಬಿಲ್ಲಿಗೆ 5 ಪರ್ಸೆಂಟ್ ಜಿಎಸ್‌ಟಿ ಹಾಕೋ ಹೋಟೆಲಿಗೆ ಅದು ವಾಪಸ್ ಸಿಗಲ್ಲ. ಕಾಂಪೊಸಿಷನ್‌ನಲ್ಲಿದ್ದರೆ, ಅಂದ್ರೆ ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ಇಷ್ಟು ಪರ್ಸೆಂಟ್ ಅಂತ ಕಟ್ಟೋ ಸ್ಕೀಮಲ್ಲಿದ್ದರೆ, 2025ರ ಜನವರಿ 16ರಿಂದ ಆ ಹೊರೆ ಇಲ್ಲ.

ಕೋರ್ಟು ಕಚೇರಿ

ಬಾಡಿಗೆ ಕೇಸುಗಳನ್ನ ನೋಡುತ್ತೇನೆ. ತುಂಬಾ ಜನ 'ಬಾಡಿಗೆ ಕಾಯಿದೆ ಇದೆಯಲ್ಲ' ಅಂದುಕೊಂಡು ಬರ್ತಾರೆ. ಕರ್ನಾಟಕ ಬಾಡಿಗೆ ಕಾಯಿದೆ 1999 ಇದೆ ನಿಜ, ಆದರೆ 14 ಚದರ ಮೀಟರ್, ಅಂದ್ರೆ ಸುಮಾರು 150 ಚದರ ಅಡಿಗಿಂತ ದೊಡ್ಡ ಅಂಗಡಿ ಅದರ ಕೆಳಗೆ ಬರೋದೇ ಇಲ್ಲ. ನಿಮ್ಮದು 420. ಅಷ್ಟೇ ಏರಿಸಿ, ಇಷ್ಟೇ ಏರಿಸಿ ಅಂತ ಓನರಿಗೆ ಯಾರೂ ಹೇಳೋಕಾಗಲ್ಲ. ಅಗ್ರಿಮೆಂಟ್ ಮುಗಿದ ಮೇಲೂ ಬಾಡಿಗೆ ತಗೊಂಡಿದ್ದರಿಂದ ನಿಮ್ಮದು ಸಾಮಾನ್ಯವಾಗಿ ತಿಂಗಳ ಲೆಕ್ಕದ ಬಾಡಿಗೆ ಆಗುತ್ತೆ, 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು.

ಹಾಗಂತ ಬೀಗ ಜಡಿಯೋ ಹಕ್ಕು ಅವರಿಗಿಲ್ಲ. ನೀವು ಬಿಡದಿದ್ದರೆ ಅವರು ಕೋರ್ಟಿಗೇ ಹೋಗಬೇಕು. ಅದಕ್ಕೆ ಎಷ್ಟು ಕಾಲ ಹಿಡಿಯುತ್ತೆ ಅಂತ ಅವರಿಗೂ ಗೊತ್ತು. ಅದನ್ನ ಜಗಳಕ್ಕೆ ಬಳಸಬೇಡಿ, ಟೈಮ್ ಕೇಳೋಕೆ ಬಳಸಿ. ಹಳೇ ಬಾಡಿಗೆಗೇ ಆರು ತಿಂಗಳು ಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಬಾಡಿಗೆಯನ್ನ ಒಂದು ದಿನವೂ ತಡ ಮಾಡದೆ ಬ್ಯಾಂಕಿನಲ್ಲೇ ಹಾಕಿ. ಅಡ್ವಾನ್ಸ್ ಕೈಗೆ ಬರೋ ತನಕ ಕೀ ಕೊಡಬೇಡಿ, ಇದನ್ನ ಮಾತ್ರ ಮರೆಯಬೇಡಿ. ಸಹಿ ಹಾಕೋ ಮುಂಚೆ ಹಳೇ ರಸೀದಿ, ಪಾಸ್‌ಬುಕ್ ಎಲ್ಲಾ ತಗೊಂಡು ಒಬ್ಬ ವಕೀಲರನ್ನ ಕಂಡುಬನ್ನಿ.

ಬೆಳಗಿನ ವಾಕಿಂಗ್

ನಾನು ಹೋಟೆಲಿನವನಲ್ಲ, ಗಿರಾಕಿ. ಮಲ್ಲೇಶ್ವರದಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಲ್ಲಿ ಮುಚ್ಚಿತು. ನಾವು ಐದಾರು ಜನ ಸ್ನೇಹಿತರು ಅಲ್ಲೇ ಸೇರುತ್ತಿದ್ದೆವು. ಆಮೇಲೆ ಎರಡು ಮೂರು ಕಡೆ ಸೇರಿ ನೋಡಿದೆವು, ಎಲ್ಲೂ ಹೊಂದಲಿಲ್ಲ. ಈಗ ಅವರಲ್ಲಿ ಇಬ್ಬರನ್ನ ನೋಡಿ ತಿಂಗಳುಗಳೇ ಆಯ್ತು. ಹಾಗಾಗಿ ಮುಚ್ಚಬೇಡಿ ಅನ್ನೋದು ನನ್ನ ಆಸೆ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾದಾಗ ಪಕ್ಕದ ಚರ್ಚ್ ಸ್ಟ್ರೀಟಿಗೆ ಹೋಯ್ತು, ಜನ ಹುಡುಕಿಕೊಂಡು ಅಲ್ಲಿಗೇ ಬಂದರು. ದೂರ ಹೋಗಬೇಡಿ, ನಡೆದು ಬರೋಷ್ಟು ಹತ್ತಿರ ನೋಡಿ. ಮೇನ್ ರೋಡೇ ಆಗಬೇಕು ಅಂತಿಲ್ಲ. ಹೊಸ ವಿಳಾಸ ಬರೆದು ಈಗಲೇ ಕೌಂಟರ್ ಹತ್ತಿರ ಅಂಟಿಸಿ, ಅಪ್ಪ ಅಲ್ಲಿ ಸಿಗ್ತಾರೆ ಅಂತ ಗೊತ್ತಾದರೆ ಸಾಕು.

ಸ್ಟೀಲ್ ಲೋಟ

ಇವರು ಹೇಳಿದ್ದು ಸರಿ. ಹೊಸ ಜಾಗದಲ್ಲಿ ಐದು ವರ್ಷಕ್ಕೆ ಅಗ್ರಿಮೆಂಟ್ ಮಾಡಿ, ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಕೆ ಅಂತ ಅದರಲ್ಲೇ ಬರೆಸಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ. ಖರ್ಚಾಗುತ್ತೆ ಅಂತ ನಾವೆಲ್ಲಾ 11 ತಿಂಗಳಿಗೆ ಮಾಡಿಸಿಕೊಳ್ತೀವಿ, ಆಮೇಲೆ ಹೀಗೆ ಆಗುತ್ತೆ. ಎಕ್ಸಾಸ್ಟ್ ಪೈಪ್ ಎಲ್ಲಿಗೆ ಬಿಡ್ತೀರಿ ಅಂತಲೂ ಮೊದಲೇ ನೋಡಿ, ಮೇಲಿನ ಮನೆಯವರು ದೂರು ಕೊಟ್ಟರೆ ಲೈಸೆನ್ಸಿಗೆ ಕಷ್ಟ.

ರಾಜಾಜಿನಗರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 370 ಕಾಫಿಯ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, 'ಇನ್ನು ಆ ಬಾಡಿಗೆ ಮಾತು ಬೇಡ' ಅಂದರು. ಆರು ತಿಂಗಳು ಕೇಳಿ ಇವತ್ತು ಪತ್ರ ಕೊಟ್ಟಿದ್ದೇವೆ, ನಾಳೆ ವಕೀಲರ ಹತ್ತಿರ ಹೋಗ್ತೀವಿ. ಎರಡು ಕ್ರಾಸ್ ಹಿಂದೆ ಒಂದು ಹಳೇ ಹಿಟ್ಟಿನ ಗಿರಣಿ ಖಾಲಿ ಇದೆ, 300 ಚದರ ಅಡಿ, ಮೇಲೆ ಒಂದು ರೂಮೂ ಇದೆ. ಭಾನುವಾರ ಬೆಳಗ್ಗೆ ಅಪ್ಪ, ದೋಸೆ ಭಟ್ರು, ನಾನು ಟೇಪ್ ಹಿಡಿದು ಅಳೆಯೋಕೆ ಹೋಗ್ತಿದ್ದೇವೆ. ದೋಸೆ ಕಲ್ಲು ಆ ಬಾಗಿಲಲ್ಲಿ ಹಿಡಿಯುತ್ತಾ ಅನ್ನೋದೇ ಅಪ್ಪನ ಮೊದಲ ಪ್ರಶ್ನೆ.