ಅಪ್‌ಡೇಟ್: ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾಯ್ತು, ಎಸ್‌ಎಸ್‌ಬಿಯಲ್ಲಿ ಮೊದಲ ದಿನವೇ ವಾಪಸ್

ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ (ಎನ್‌ಡಿಎ) ಸೇರೋ ಪರೀಕ್ಷೆಗೆ ಮುಂಚೆ ಇಲ್ಲಿ ಎರಡು ವಿಷಯ ಕೇಳಿದ್ದೆ: ಗಣಿತವನ್ನು ಹೇಗೆ ದಾಟೋದು, ಅರ್ಜಿಯಲ್ಲಿ ಮೊದಲ ಆಯ್ಕೆ ಭೂಸೇನೆಯೋ ವಾಯುಪಡೆಯೋ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಗಣಿತದಲ್ಲಿ 120 ಪ್ರಶ್ನೆ, ಎರಡೂವರೆ ಗಂಟೆ. ಒಂದು ತಪ್ಪಿಗೆ 0.83 ಅಂಕ ಹೋಗುತ್ತೆ. ಹಾಗಾಗಿ ನೀವು ಹೇಳಿದಂತೆ ಗೊತ್ತಿಲ್ಲದ್ದನ್ನು ಮುಟ್ಟಲೇ ಇಲ್ಲ. ತ್ರಿಕೋನಮಿತಿ, ಮ್ಯಾಟ್ರಿಕ್ಸ್ ಕೈ ಹಿಡಿದವು. ಲಿಖಿತ ಪಾಸಾದೆ.

ಲಿಖಿತ ಪಾಸಾದವರಿಗೆ ನಡೆಯೋ ಆಯ್ಕೆ ಸಂದರ್ಶನ, ಅಂದರೆ ಎಸ್‌ಎಸ್‌ಬಿ, ಮಾತ್ರ ಬೇರೆಯೇ ಲೋಕ. ಮಸುಕಾದ ಚಿತ್ರ 30 ಸೆಕೆಂಡ್ ತೋರಿಸಿದರು, ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು. ಬರೆದೆ. ಆಮೇಲೆ ಗುಂಪು ಚರ್ಚೆ ಶುರುವಾಯ್ತು, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅರ್ಧಕ್ಕೇ ನಿಲ್ಲಿಸಿದೆ. ಪಾಸಾದವರ ಚೆಸ್ಟ್ ನಂಬರ್ (ಎದೆ ಮೇಲೆ ಹಾಕೋ ಗುರುತಿನ ಸಂಖ್ಯೆ) ಓದುವಾಗ ನನ್ನದು ಬರಲಿಲ್ಲ. ತುಂಬಾ ನೋವಾಯ್ತು. ಲಿಖಿತಕ್ಕೆ 900 ಅಂಕ, ಎಸ್‌ಎಸ್‌ಬಿಗೂ 900. ನಾನು ತಯಾರಿ ಮಾಡಿದ್ದು ಅರ್ಧಕ್ಕೆ ಮಾತ್ರ, ಅಲ್ವಾ? ಈಗ ದಿನಾ ಸಂಜೆ ಗೆಳೆಯರ ಜೊತೆ ಜೋರಾಗಿ ಮಾತಾಡಿ ಅಭ್ಯಾಸ ಮಾಡ್ತಿದ್ದೇನೆ.

ಎರಡನೇ ಪ್ರಶ್ನೆಗೂ ಉತ್ತರ ಸಿಕ್ಕಿತು. ವಾಯುಪಡೆ ಬೇಕು ಅನ್ನಿಸಿದ್ದು ವಿಮಾನದ ಆಸೆಗೆ. ಜನರ ಜೊತೆ, ಒಂದು ತುಕಡಿಯನ್ನು ಮುನ್ನಡೆಸುವ ಕೆಲಸ ನನಗೆ ಜಾಸ್ತಿ ಇಷ್ಟ ಅಂತ ಈಗ ಗೊತ್ತಾಗಿದೆ. ಮುಂದಿನ ಅರ್ಜಿಯಲ್ಲಿ ಭೂಸೇನೆಯೇ ಮೊದಲು. ಹತ್ತೊಂಬತ್ತೂವರೆ ವಯಸ್ಸಿನ ಮಿತಿಯೊಳಗೆ ಇನ್ನೂ ಎರಡು ಅವಕಾಶ ಇವೆ.